ಹೊಲಿಯೋದು ಕೌಲ್ ಬಜಾರ್‌ನಲ್ಲಿ, ಕೊಳ್ಳೋದು ಬೆಂಗಳೂರಿನಲ್ಲಿ

ಬೆಂಗಳೂರಿನ ಒಂದು ಮಾಲ್, ಎರಡನೇ ಮಹಡಿ, ಜೀನ್ಸ್ ಅಂಗಡಿ. ಚಿಕ್ಕಮ್ಮನ ಮಗಳು ನಾಲ್ಕು ಪ್ಯಾಂಟ್ ಹೆಗಲ ಮೇಲೆ ಹಾಕಿಕೊಂಡು ಟ್ರಯಲ್ ರೂಮಿನ ಸಾಲಿನಲ್ಲಿ ನಿಂತಿದ್ದಳು. ಚಿಕ್ಕಮ್ಮ ಪಕ್ಕದಲ್ಲಿದ್ದ ಒಂದು ಪ್ಯಾಂಟ್ ಎತ್ತಿಕೊಂಡರು. ಬೆಲೆ ನೋಡಲಿಲ್ಲ. ಮೊದಲು ಒಳಮಗ್ಗುಲು ಹೊರಗೆ ಬರುವಂತೆ ತಿರುವಿದರು. ಕಾಲಿನ ಹೊಲಿಗೆಯ ಉದ್ದಕ್ಕೂ ಹೆಬ್ಬೆರಳು ಓಡಿಸಿದರು, ಬೆಲ್ಟ್ ಲೂಪಿನ ಬುಡದಲ್ಲಿ ದಟ್ಟವಾಗಿ ಹೊಲಿದಿರುತ್ತಾರಲ್ಲ, ಬಾರ್‌ಟ್ಯಾಕ್, ಅದನ್ನು ಉಗುರಿನಿಂದ ಕೆರೆದು ನೋಡಿದರು, ಜೇಬಿನ ಬಿಳಿ ಬಟ್ಟೆಯನ್ನು ಲೈಟಿಗೆ ಹಿಡಿದರು. ಕಡೆಗೆ ಕಾಜಾ. ಅಂದರೆ ಗುಂಡಿ ಹೋಗುವ ತೂತು. ನಮ್ಮ ಬಳ್ಳಾರಿಯ ಕೌಲ್ ಬಜಾರಿನ ಒಂದು ಶೆಡ್ಡಿನಲ್ಲಿ ಅವರು ಹದಿನೈದು ವರ್ಷ ಮಾಡಿದ್ದು ಅದೊಂದೇ ಕೆಲಸ, ಕಾಜಾ-ಬಟನ್, ಪೀಸಿಗೆ ಇಷ್ಟು ಅಂತ.

"ಹೊಲಿಗೆ ಚಲೋ ಐತೆ. ಜೇಬಿಗೆ ಮಾತ್ರ ಹಗುರ ಬಟ್ಟೆ ಹಾಕ್ಯಾರೆ" ಅಂದರು. ಆಮೇಲೆ ಚೀಟಿ ತಿರುಗಿಸಿದರು. 2,499 ರೂಪಾಯಿ. ಅಂಗಡಿಯ ಹುಡುಗ ಓಡಿ ಬಂದ. "ಆಫರ್ ಇದೆ ಆಂಟಿ, ಎರಡು ತಗೊಂಡ್ರೆ ಮೂರನೇದು ಫ್ರೀ." ಚಿಕ್ಕಮ್ಮ ನನ್ನ ಮುಖ ನೋಡಿದರು, ನಾನು ಬೇರೆ ಕಡೆ ನೋಡಿದೆ.

ನಾವು ಅದನ್ನು ಕೊಂಡೆವು. ಯಾಕೆ ಕೊಂಡೆವು ಅನ್ನೋದೇ ಇಲ್ಲಿನ ಪ್ರಶ್ನೆ.

ಬಳ್ಳಾರಿಯಿಂದ ಬೆಂಗಳೂರು ಸುಮಾರು 300 ಕಿಲೋಮೀಟರ್. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ, ಇಲ್ಲಾ ಬಸ್ಸು ಹತ್ತಿದರೆ, ಬೆಳಗ್ಗೆ ಅಲ್ಲಿರುತ್ತೇವೆ. ಮದುವೆ ಜವಳಿ, ದೀಪಾವಳಿ ಬಟ್ಟೆ, ಮಗಳಿಗೆ ಕಾಲೇಜು ಸೇರೋ ಮುಂಚೆ ಒಂದು ಸುತ್ತು ಅಂತ ನೆಪ ಏನೋ ಒಂದು ಇರುತ್ತೆ. ಹೋಗಿ ತರುವುದೇನು? ಜೀನ್ಸ್! ಜೀನ್ಸ್ ಹೊಲಿಯುವ ಊರಿನಿಂದ ಜೀನ್ಸ್ ಕೊಳ್ಳಲಿಕ್ಕೆ ಹೋಗುವುದು ನೀರಿನ ಟ್ಯಾಂಕರ್ ಇಟ್ಟುಕೊಂಡವನು ಬಾಟಲಿ ನೀರಿಗೆ ಅಂಗಡಿ ಹುಡುಕಿದ ಹಾಗೆ. ಆದರೆ ಸುಮ್ನೆ ನಕ್ಕು ಬಿಡುವ ಮಾತಲ್ಲ ಇದು, ಇದರ ಒಳಗೆ ಒಂದು ಲೆಕ್ಕ ಇದೆ.

ಮೊದಲು ಊರಿನ ಕಥೆ, ಚಿಕ್ಕದಾಗಿ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರ ಸೈನಿಕರಿಗೆ ಯೂನಿಫಾರ್ಮ್ ಹೊಲಿಯಲು ಬಂದ ದರ್ಜಿಗಳು ಇಲ್ಲೇ ನೆಲೆ ನಿಂತರು, ಬಳ್ಳಾರಿಯ ಹೊಲಿಗೆ ಶುರುವಾದದ್ದು ಅಲ್ಲಿಂದ ಅಂತ ಹಿರಿಯರು ಹೇಳುತ್ತಾರೆ. ಆ ಕೈಗಳೇ ಮುಂದೆ ಡೆನಿಮ್‌ಗೆ ತಿರುಗಿದವು. ಪಾಯಿಂಟ್ ಬ್ಲಾಂಕ್, ವಾಕರ್, ಡ್ರ್ಯಾಗನ್‌ಫ್ಲೈ, ಪೋಡಿಯಂ ಇವೆಲ್ಲ ನಮ್ಮೂರಿನ ಹೆಸರುಗಳು. ದೇಶದ ಬೇರೆ ಬೇರೆ ಊರಿಗೆ ಇಲ್ಲಿಂದ ಗಂಟು ಗಂಟು ಹೋಗುತ್ತೆ. ಒಂದು ಪ್ಯಾಂಟ್ ಅಂದರೆ ಒಬ್ಬ ಟೈಲರ್ ಅಲ್ಲ. ಕಟಿಂಗ್ ಮಾಸ್ಟರ್ ಒಬ್ಬ, ಹೊಲಿಯುವವರು ಒಂದಷ್ಟು ಜನ, ಕಾಜಾ-ಬಟನ್ ಬೇರೆಯವರು, ವಾಷಿಂಗ್ ಬೇರೆ ಕಡೆ, ದಾರ ಕತ್ತರಿಸುವುದು ಇನ್ಯಾರದೋ ಮನೆ ಜಗಲಿಯಲ್ಲಿ. ಸಂಜೆ ಹೊತ್ತು ಕೌಲ್ ಬಜಾರಿನ ಕೆಲವು ಓಣಿಗಳಲ್ಲಿ ನಡೆದರೆ ಹೆಂಗಸರು ಮಡಿಲಲ್ಲಿ ನೀಲಿ ಪ್ಯಾಂಟಿನ ರಾಶಿ ಇಟ್ಟುಕೊಂಡು, ಪುಟ್ಟ ಕಟ್ಟರಿನಲ್ಲಿ ದಾರ ಕತ್ತರಿಸುತ್ತಾ ಮಾತಾಡುತ್ತಾ ಕೂತಿರುತ್ತಾರೆ. ಅವರ ಬೆರಳ ತುದಿ ನೀಲಿ.

ಜೀನ್ಸ್ ಒಂದೇ ಅಲ್ಲ. ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವಾಗ ರಾಂಪುರ ದಾಟಿದ ಮೇಲೆ ಹಾನಗಲ್ ಕ್ರಾಸ್ ಬರುತ್ತೆ. ಅಲ್ಲಿಂದ ಒಳಗೆ ಸ್ವಲ್ಪ ದೂರ ಹೋದರೆ ಮೊಳಕಾಲ್ಮೂರು. ರೇಷ್ಮೆ ಸೀರೆಯ ಊರು, ಜಿಐ ಟ್ಯಾಗ್ ಬೇರೆ ಇದೆ, ಅಂದರೆ ಈ ಸೀರೆ ಈ ಊರಿನದೇ ಅನ್ನೋ ಸರ್ಕಾರಿ ಗುರುತು. ಬಸ್ಸು ಅದನ್ನು ಪಕ್ಕಕ್ಕೆ ಬಿಟ್ಟು ಚಳ್ಳಕೆರೆ, ಹಿರಿಯೂರು, ತುಮಕೂರು ದಾಟಿ ನಮ್ಮನ್ನು ಬೆಂಗಳೂರಿಗೆ ಮುಟ್ಟಿಸುತ್ತೆ. ನಾವು ಇಳಿದು ಚಿಕ್ಕಪೇಟೆಗೆ ಹೋಗಿ "ಮೊಳಕಾಲ್ಮೂರು ಇದೆಯಾ?" ಅಂತ ಕೇಳುತ್ತೇವೆ! ಸಂಡೂರಿನ ಲಂಬಾಣಿ ಕಸೂತಿಯದೂ ಇದೇ ಹಾಡು. ಅದಕ್ಕೂ ಜಿಐ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳು ಮಾಡಿದ 1,755 ಕಸೂತಿ ಕೆಲಸಗಳನ್ನು ಒಂದೇ ಕಡೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು. ಬಳ್ಳಾರಿ ಪೇಟೆಯಲ್ಲಿ ನಿಂತು ಆ ಕಸೂತಿಯ ಒಂದು ಚೀಲ ಎಲ್ಲಿ ಸಿಗುತ್ತೆ ಅಂತ ಹತ್ತು ಜನರನ್ನು ಕೇಳಿ ನೋಡಿ. ನಾನು ಕೇಳಿದ್ದೇನೆ. ಒಬ್ಬರು ಹೇಳಿದ್ದು: "ಬೆಂಗಳೂರಲ್ಲಿ ಎಕ್ಸಿಬಿಷನ್ ಆಗ್ತದಲ್ಲ ಅಣ್ಣ, ಅಲ್ಲಿ ಸಿಗ್ತದೆ."

ಹಾಗಾದರೆ ಬೆಂಗಳೂರು ನಮಗೆ ಮಾರುತ್ತಿರುವುದೇನು? ಬಟ್ಟೆಯನ್ನಂತೂ ಅಲ್ಲ.

ಆ 2,499ರ ಪ್ಯಾಂಟನ್ನೇ ಬಿಡಿಸಿ ನೋಡೋಣ. ಹೆಚ್ಚು ಕಡಿಮೆ ಅದೇ ದಪ್ಪದ ಬಟ್ಟೆ, ಅದೇ ಹೊಲಿಗೆಯ ಪ್ಯಾಂಟ್ ನಮ್ಮೂರ ಹೋಲ್‌ಸೇಲ್‌ನಲ್ಲಿ ಐನೂರು, ಆರುನೂರರ ಆಸುಪಾಸಿಗೆ ಸಿಗುತ್ತೆ. ಮಿಕ್ಕ ದುಡ್ಡು ಎಲ್ಲಿ ಹೋಯಿತು? ಬ್ರ್ಯಾಂಡಿನ ಹೆಸರು, ಜಾಹೀರಾತು, ಮಾಲಿನ ಬಾಡಿಗೆ, ಎಸಿ ಬಿಲ್ಲು, ಐದು ಹುಡುಗರ ಸಂಬಳ, ಮಾರಾಟವಾಗದೆ ಉಳಿಯುವ ಸೈಜುಗಳ ನಷ್ಟ, ಮತ್ತೆ ಆ "ಎರಡಕ್ಕೆ ಒಂದು ಫ್ರೀ". ಫ್ರೀ ಅನ್ನುವುದು ಮೊದಲ ಎರಡರ ಬೆಲೆಯೊಳಗೇ ಕೂತಿರುತ್ತೆ, ಅಷ್ಟೇ. ಇದು ಗೊತ್ತಿಲ್ಲದವರು ಯಾರೂ ಇಲ್ಲ. ಆದರೂ ಕೊಳ್ಳುತ್ತೇವೆ, ಏಕೆಂದರೆ ಆ ಬೆಲೆಯಲ್ಲಿ ನಮಗೆ ಬೇಕಾದ ಬೇರೆ ಮೂರ್ನಾಲ್ಕು ಸಂಗತಿಗಳೂ ಸೇರಿವೆ.

ಒಂದು, ಟ್ರಯಲ್ ರೂಮ್. ನಗಬೇಡಿ. ನಮ್ಮೂರಿನ ಹೋಲ್‌ಸೇಲ್ ಅಂಗಡಿಯಲ್ಲಿ ಹೆಣ್ಣುಮಗಳೊಬ್ಬಳು ಜೀನ್ಸ್ ಹಾಕಿ ನೋಡಬೇಕು ಅಂದರೆ ಎಲ್ಲಿ ನೋಡಬೇಕು? ಗೋಡೌನಿನ ಮೂಲೆಯಲ್ಲಿ ಒಂದು ಸೀರೆ ಅಡ್ಡ ಕಟ್ಟಿರುತ್ತಾರೆ, ಇಲ್ಲಾಂದ್ರೆ "ಮನೆಗೆ ಹೋಗಿ ನೋಡ್ರೀ, ಆಗಲಿಲ್ಲ ಅಂದ್ರೆ ತನ್ನಿ" ಅಂತಾರೆ. ತಂದರೆ ಮುಖ ಬೇರೆ ಆಗಿರುತ್ತೆ. ಮಾಲಿನಲ್ಲಿ ನನ್ನ ತಂಗಿ ನಾಲ್ಕು ಹಾಕಿ ನೋಡಿ, ನಾಲ್ಕನ್ನೂ ಬಿಟ್ಟು, ಐದನೇದನ್ನು ತೆಗೆದುಕೊಂಡಳು. ಯಾರೂ ಹುಬ್ಬು ಗಂಟು ಹಾಕಲಿಲ್ಲ. ಎರಡು, ಯಾರೂ ಗುರುತಿನವರಿಲ್ಲ. ಬಳ್ಳಾರಿಯ ಬೆಂಗಳೂರು ರಸ್ತೆಯಲ್ಲಿ ಒಂದು ಅಂಗಡಿಯಿಂದ ಬರಿಗೈಲಿ ಹೊರಗೆ ಬಂದರೆ, ಸಂಜೆಯೊಳಗೆ ಅಪ್ಪನ ಸ್ನೇಹಿತರು ಯಾರಾದರೂ "ಏನಪ್ಪಾ, ನಮ್ಮ ಅಂಗಡಿ ಮಾಲು ಹಿಡಿಸಲಿಲ್ಲವಾ" ಅಂತ ಕೇಳುವುದು ಗ್ಯಾರಂಟಿ. ದೊಡ್ಡ ಊರಿನ ಸುಖ ಅಂದರೆ ಅರ್ಧ ಇದೇ, ನಮ್ಮನ್ನು ಯಾರೂ ಕೇಳುವವರಿಲ್ಲ. ಮೂರು, ಬಿಸಿಲು. ಏಪ್ರಿಲ್ ತಿಂಗಳ ಬಳ್ಳಾರಿಯಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಶಾಪಿಂಗ್ ಅಂತ ಹೊರಟವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು.

ಫೋನಿನಲ್ಲೇ ತರಿಸಬಹುದಲ್ಲ ಅಂತೀರಿ. ತರಿಸುತ್ತೇವೆ, ವಾಪಸ್ಸೂ ಕಳಿಸುತ್ತೇವೆ. ಆದರೆ ಫೋನು ಬಂದು ಇಷ್ಟು ವರ್ಷವಾದರೂ ಬೆಂಗಳೂರಿನ ಬಸ್ಸು ಖಾಲಿ ಆಗಿಲ್ಲ. ಬಟ್ಟೆ ಬೇಕಾದವರು ಫೋನು ಒತ್ತುತ್ತಾರೆ, ಒಂದು ದಿನ ಬೇಕಾದವರು ಬಸ್ಸು ಹತ್ತುತ್ತಾರೆ.

ಇನ್ನು ಜಿಎಸ್‌ಟಿ. ಸ್ವಲ್ಪ ಬೇಜಾರಿನ ವಿಷಯ, ಆದರೆ ನಮ್ಮೂರಿಗೆ ನೇರವಾಗಿ ತಟ್ಟುವಂಥದ್ದು. 2025ರ ಸೆಪ್ಟೆಂಬರ್ 21ರವರೆಗೆ 1,000 ರೂಪಾಯಿವರೆಗಿನ ಉಡುಪಿಗೆ ಶೇ 5, ಅದರ ಮೇಲಿನದಕ್ಕೆ ಶೇ 12 ತೆರಿಗೆ ಇತ್ತು. 22ರಿಂದ 2,500ರವರೆಗೂ ಶೇ 5, ಅದು ದಾಟಿದರೆ ಶೇ 18. ಬಟ್ಟೆ ಅಗ್ಗ ಆಯ್ತು ಅಂತ ಎಲ್ಲರೂ ಖುಷಿಪಟ್ಟೆವು. ಈಗ ಲೆಕ್ಕ ಹಾಕಿ. ಬಳ್ಳಾರಿಯ 600 ರೂಪಾಯಿ ಪ್ಯಾಂಟಿಗೆ ಮೊದಲೂ ಶೇ 5, ಈಗಲೂ ಶೇ 5. ಅಂದೂ 630, ಇಂದೂ 630. ಮಾಲಿನ 2,000 ರೂಪಾಯಿ ಪ್ಯಾಂಟು ತೆರಿಗೆ ಸೇರಿ 2,240 ಇದ್ದದ್ದು 2,100ಕ್ಕೆ ಬರಬೇಕು. ಅಂದರೆ ಅಗ್ಗವಾದದ್ದು ಅವರ ಪ್ಯಾಂಟು, ನಮ್ಮದಲ್ಲ. ಎರಡರ ನಡುವಿನ ಅಂತರ 140 ರೂಪಾಯಿ ಕಡಿಮೆಯಾಯಿತು. ಕೊಳ್ಳುವವನಾಗಿ ನನಗೆ ಖುಷಿ. ಬಳ್ಳಾರಿಯವನಾಗಿ ಅಷ್ಟು ಖುಷಿ ಇಲ್ಲ, ಏಕೆಂದರೆ ಕಡಿಮೆ ಬೆಲೆ ಒಂದೇ ನಮ್ಮ ಜೀನ್ಸಿನ ಬಲವಾಗಿತ್ತು.

ಈ 2,500ರ ಗೆರೆ ಇನ್ನೊಂದು ಆಟ ಆಡಿಸುತ್ತೆ. ತೆರಿಗೆ ಬಿಟ್ಟು 2,500 ಇದ್ದರೆ ಒಟ್ಟು 2,625. ಒಂದೇ ಒಂದು ರೂಪಾಯಿ ಜಾಸ್ತಿ ಇಟ್ಟು 2,501 ಮಾಡಿದರೆ ಒಟ್ಟು 2,951. ಒಂದು ರೂಪಾಯಿಗೆ ಮುನ್ನೂರ ಚಿಲ್ಲರೆ ದಂಡ! ಈ ಗೆರೆಯ ಹತ್ತಿರ ಬಂದ ಬಟ್ಟೆಯನ್ನು ಅಂಗಡಿಯವರು ಕೆಳಗೇ ನಿಲ್ಲಿಸಲು ನೋಡುತ್ತಾರೆ, ಇಲ್ಲಾ ಡಿಸ್ಕೌಂಟ್ ಕೊಟ್ಟು ಕೆಳಗೆ ಇಳಿಸುತ್ತಾರೆ. ಬಿಲ್ಲಿನಲ್ಲಿ ತೋರಿಸಿದ ಡಿಸ್ಕೌಂಟ್ ಕಳೆದ ಮೇಲೆ ಉಳಿಯುವ ಬೆಲೆಯ ಮೇಲೇ ತೆರಿಗೆ. ಚೀಟಿಯ ಎಂಆರ್‌ಪಿಯಲ್ಲಿ ತೆರಿಗೆ ಸೇರಿಯೇ ಇರುತ್ತೆ ಅನ್ನೋದನ್ನೂ ಮರೆಯಬೇಡಿ. "ಎಂಆರ್‌ಪಿ ಪ್ಲಸ್ ಜಿಎಸ್‌ಟಿ" ಅಂತ ಯಾರಾದರೂ ಹೇಳಿದರೆ ಪ್ಯಾಂಟು ಅಲ್ಲೇ ಇಟ್ಟು ಬನ್ನಿ.

ಈ ಪ್ರಯಾಣದ ಸ್ವರೂಪವನ್ನೇ ಬದಲಿಸಿದ್ದು ಇನ್ನೊಂದು ಸಂಗತಿ, ಶಕ್ತಿ ಯೋಜನೆ. 2023ರ ಜೂನ್ 11ರಿಂದ ರಾಜ್ಯದೊಳಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಎಸಿ, ಸ್ಲೀಪರ್‌ಗೆ ಅನ್ವಯಿಸಲ್ಲ, ಪಕ್ಕದ ರಾಜ್ಯಕ್ಕೆ ಹೋಗುವ ಬಸ್ಸಿಗೂ ಇಲ್ಲ. ದೇವಸ್ಥಾನಗಳಿಗೆ ಜನ ಜಾಸ್ತಿಯಾದರು ಅಂತ ಎಲ್ಲರೂ ಬರೆದರು. ಬಟ್ಟೆ ಅಂಗಡಿಗೆ ಹೋಗುವವರೂ ಜಾಸ್ತಿಯಾದರು, ಅದನ್ನು ಯಾರು ಬರೀತಾರೆ? ಮೊದಲು ನಮ್ಮ ಮನೆಯಲ್ಲಿ ಬೆಂಗಳೂರಿಗೆ ಹೋಗೋದು ಅಂದರೆ ಚಿಕ್ಕಪ್ಪ ಹೋಗಿ ಎಲ್ಲರ ಅಳತೆ ಹೇಳಿ ತರುತ್ತಿದ್ದರು, ಅವರು ತಂದದ್ದೇ ಫ್ಯಾಷನ್. ಈಗ ಚಿಕ್ಕಮ್ಮ, ಅವರ ಮಗಳು, ಪಕ್ಕದ ಮನೆ ಅಕ್ಕ ಮೂವರೂ ಝೀರೋ ಟಿಕೆಟ್‌ನಲ್ಲಿ ಹೊರಡುತ್ತಾರೆ. ದುಡ್ಡು ಕೊಟ್ಟು ಟಿಕೆಟ್ ತಗೊಂಡು, ಬ್ಯಾಗು ಹೊರಲು, ಹಿಂದೆ ಹೋಗುವವನು ನಾನು. ಉಳಿದ ಬಸ್ ಚಾರ್ಜು ಏನಾಗುತ್ತೆ? ಅದೂ ಬೆಂಗಳೂರಿನಲ್ಲೇ ಖರ್ಚಾಗುತ್ತೆ. ಯೋಜನೆಯನ್ನು ಬೈಯುತ್ತಿಲ್ಲ. ಹದಿನೈದು ವರ್ಷ ಕಾಜಾ ಹಾಕಿದ ಹೆಂಗಸು ತಾನು ಮಾಡಿದ್ದು ಯಾವ ಅಂಗಡಿಯಲ್ಲಿ ಯಾವ ಬೆಲೆಗೆ ನೇತಾಡುತ್ತೆ ಅಂತ ಮೊದಲ ಸಲ ಕಣ್ಣಾರೆ ನೋಡಿದ್ದು ಈ ಬಸ್ಸಿನಿಂದ.

ಮೆಜೆಸ್ಟಿಕ್‌ನಲ್ಲಿ ಇಳಿದವರಿಗೆ ಬೆಂಗಳೂರು ಒಂದು ಅನುಕೂಲ ಮಾಡಿಕೊಟ್ಟಿದೆ. ಹಸಿರು ಲೈನ್ ಮೆಟ್ರೊದಲ್ಲಿ ಒಂದೇ ಸ್ಟೇಷನ್ ಆ ಕಡೆ ಹೋದರೆ ಚಿಕ್ಕಪೇಟೆ, ಒಂದೇ ಸ್ಟೇಷನ್ ಈ ಕಡೆ ಹೋದರೆ ಮಲ್ಲೇಶ್ವರದ ಸಂಪಿಗೆ ರಸ್ತೆ. ಒಂದು ಕಡೆ ಹಳೇ ಪೇಟೆಯ ಗಲ್ಲಿ, ಮೆತ್ತನೆ ಬಿಳಿ ಹಾಸಿನ ಮೇಲೆ ಕೂತು ಸೀರೆ ಬಿಚ್ಚಿಸುವ ಅಂಗಡಿಗಳು, ಬೆಲೆ ಬಾಯಲ್ಲೇ. ಇನ್ನೊಂದು ಕಡೆ ಫುಟ್‌ಪಾತಿನ ಕ್ಲಿಪ್ಪು, ಹೂವು, ಆಮೇಲೆ ಶೋರೂಮು. ಚಿಕ್ಕಪೇಟೆಯಲ್ಲಿ ಚಿಕ್ಕಮ್ಮ ರಾಣಿ. ಸೀರೆಯ ಸೆರಗು ಹಿಡಿದು ಚೌಕಾಸಿ ಮಾಡುವುದು ಅವರಿಗೆ ಗೊತ್ತು. ಮಾಲಿನಲ್ಲಿ ತಂಗಿ ರಾಣಿ. ಬಾರ್‌ಕೋಡ್ ಹೊಡೆದು ಬೆಲೆ ನೋಡುವುದು ಅವಳಿಗೆ ಗೊತ್ತು. ಇಬ್ಬರೂ ಒಂದೇ ದಿನದಲ್ಲಿ ಎರಡೂ ಕಡೆ ಹೋಗಬಹುದು ಅನ್ನೋದೇ ಆ ಊರಿನ ಗಮ್ಮತ್ತು.

ತಿನ್ನೋ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಪಕ್ಷಪಾತಿ. ಬೆಳಗ್ಗೆ ಮಂಡಕ್ಕಿ ಒಗ್ಗರಣೆ, ಪಕ್ಕದಲ್ಲಿ ಬಿಸಿ ಮಿರ್ಚಿ ಎರಡು, ಇದರ ಮುಂದೆ ಯಾವ ಬ್ರಂಚೂ ನಿಲ್ಲಲ್ಲ. ಆದರೂ ಬೆಂಗಳೂರಿಗೆ ಹೋದರೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಹೋಗದೆ ಬರಲ್ಲ. 1943ರಿಂದ ಇದೆ. ಭಾನುವಾರ ಹೊರಗೆ ನಿಂತು ಕಾಯಬೇಕು. ಒಳಗೆ ಸಪ್ಲೈ ಮಾಡುವವರು ಒಂದೇ ಕೈ ಮೇಲೆ ದೋಸೆ ತಟ್ಟೆಗಳನ್ನು ಮೊಣಕೈವರೆಗೆ ಪೇರಿಸಿಕೊಂಡು ಬರುವುದನ್ನು ನೋಡಲಿಕ್ಕೇ ಅರ್ಧ ಜನ ಬರುತ್ತಾರೇನೋ. ಗಮನಿಸಿ, ಅಲ್ಲೂ ಮಾರಾಟವಾಗುತ್ತಿರುವುದು ದೋಸೆ ಮಾತ್ರ ಅಲ್ಲ. ಇನ್ನು ಬೆಂಗಳೂರಿನ "ಉತ್ತರ ಕರ್ನಾಟಕ ಶೈಲಿ" ಖಾನಾವಳಿಗಳಲ್ಲಿ ಕೂತು ಜೋಳದ ರೊಟ್ಟಿ, ಎಣ್ಣೆಗಾಯಿ ತಿಂದು "ಆಹಾ" ಅನ್ನುವ ಬಳ್ಳಾರಿಯವರನ್ನು ಕಂಡರೆ ನನಗೆ ಮತ್ತೆ ಆ ಜೀನ್ಸೇ ನೆನಪಾಗುತ್ತೆ.

ಹೊಟೇಲ್ ಬಿಲ್ಲಿನ ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ನಮ್ಮೂರಿನವರು ಅಲ್ಲಿ ಮರ್ಯಾದೆಗೆ ಅಂಜಿ ಸುಮ್ಮನಿದ್ದುಬಿಡುತ್ತಾರೆ. ಸಾಮಾನ್ಯ ರೆಸ್ಟೊರೆಂಟಿನಲ್ಲಿ ಜಿಎಸ್‌ಟಿ ಶೇ 5. ಅದರ ಮೇಲೆ "ಸರ್ವಿಸ್ ಚಾರ್ಜ್" ಅಂತ ಶೇ 5, ಶೇ 10 ಸೇರಿಸಿದ್ದರೆ ಅದು ತೆರಿಗೆ ಅಲ್ಲ, ಹೊಟೇಲಿನವರು ಹಾಕಿಕೊಂಡದ್ದು. 2022ರ ಜುಲೈನಲ್ಲೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇದನ್ನು ಬಿಲ್ಲಿಗೆ ತಾನಾಗಿ ಸೇರಿಸಬಾರದು ಅಂತ ಹೇಳಿತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಆ ಮಾತನ್ನು ಎತ್ತಿಹಿಡಿಯಿತು. ತೆಗೆಯಿರಿ ಅಂತ ಕೇಳಬಹುದು. ತೆಗೆಯದಿದ್ದರೆ 1915ಕ್ಕೆ ಫೋನ್ ಮಾಡಬಹುದು. ನಾನು ಒಂದು ಸಲ ಕೇಳಿದೆ, ತೆಗೆದರು. ಆದರೆ ಕೇಳುವ ಮುಂಚೆ ತಂಗಿ ಟೇಬಲ್ ಕೆಳಗೆ ನನ್ನ ಕಾಲು ತುಳಿದಳು. ಆ ತುಳಿತದಲ್ಲೇ ಎಲ್ಲಾ ಇದೆ. ಗುರುತಿಲ್ಲದ ಊರಿನಲ್ಲೂ ಮಾನ ಹೋಗುತ್ತೆ ಅನ್ನೋ ಭಯ.

ಆ ಭಯ ಸುಮ್ನೆ ಬಂದದ್ದಲ್ಲ. 2024ರ ಜುಲೈನಲ್ಲಿ ಹಾವೇರಿ ಕಡೆಯ ರೈತರೊಬ್ಬರು ಮಗನ ಜೊತೆ ಸಿನಿಮಾ ನೋಡಲು ಬೆಂಗಳೂರಿನ ಮಾಗಡಿ ರಸ್ತೆಯ ಮಾಲಿಗೆ ಹೋದಾಗ, ಪಂಚೆ ಉಟ್ಟಿದ್ದಾರೆ ಅಂತ ಬಾಗಿಲಲ್ಲೇ ತಡೆದರು. ಕೈಯಲ್ಲಿ ಟಿಕೆಟ್ ಇತ್ತು. ವಿಡಿಯೊ ಎಲ್ಲೆಡೆ ಹರಿದಾಡಿತು, ಮಾಲಿನವರು ಕ್ಷಮೆ ಕೇಳಿದರು, ಸರ್ಕಾರ ಏಳು ದಿನ ಮಾಲ್ ಮುಚ್ಚಿಸಿತು. ಅದಾದ ಮೇಲೆ ಪಂಚೆಯವರನ್ನು ತಡೆಯುವ ಧೈರ್ಯ ಯಾರಿಗೂ ಇರಲಿಕ್ಕಿಲ್ಲ. ಆದರೆ ಆ ಘಟನೆ ಒಂದು ವಿಷಯ ಬಯಲು ಮಾಡಿತು. ದೊಡ್ಡ ಊರಿನಲ್ಲಿ ಫ್ಯಾಷನ್ ಅನ್ನೋದು ಒಳಗೆ ಹೋಗಿ ಕೊಳ್ಳುವ ಸಾಮಾನಷ್ಟೇ ಅಲ್ಲ, ಒಳಗೆ ಹೋಗಲು ಬೇಕಾದ ಪಾಸು ಕೂಡ. ನಮ್ಮ ಚಿಕ್ಕಮ್ಮ ಆ ದಿನ ಮಾಲಿಗೆ ಉಟ್ಟು ಬಂದದ್ದು ಪೆಟ್ಟಿಗೆಯಲ್ಲಿದ್ದ ಅತ್ಯಂತ ಒಳ್ಳೆಯ ಸೀರೆ. ಜೀನ್ಸ್ ಕೊಳ್ಳಲಿಕ್ಕೆ ರೇಷ್ಮೆ ಸೀರೆ! ಅಲ್ಲಿದ್ದ ಬೆಂಗಳೂರಿನ ಹುಡುಗಿಯರು ಚಡ್ಡಿ, ಹವಾಯಿ ಚಪ್ಪಲಿಯಲ್ಲಿ ಬಂದಿದ್ದರು. ಅವರಿಗೆ ಪಾಸು ಬೇಕಿಲ್ಲ, ಅಲ್ವಾ?

ಸಿನಿಮಾ ಟಿಕೆಟ್‌ದು ಬೇರೆಯೇ ಕಥೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಟಿಕೆಟ್ ಬೆಲೆಗೆ 200 ರೂಪಾಯಿ ಮಿತಿ ಹಾಕಿತು, ತೆರಿಗೆ ಬೇರೆ. ಅದೇ ತಿಂಗಳು ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಮನೆಯಿಂದ ಮಂಡಕ್ಕಿ ಕಟ್ಟಿಕೊಂಡು ಹೋಗುವವರಿಗೆ ಒಂದು ಮಾತು: ಹೊರಗಿನ ತಿಂಡಿ ತರಬೇಡಿ ಅನ್ನುವ ಹಕ್ಕು ಥಿಯೇಟರಿನವರಿಗೆ ಇದೆ ಅಂತ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಕುಡಿಯುವ ನೀರು ಉಚಿತವಾಗಿ ಕೊಡಲೇಬೇಕು ಅಂತಲೂ ಹೇಳಿದೆ. ಎಲ್ಲಿ ಇಟ್ಟಿರುತ್ತಾರೆ ಅಂತ ಹುಡುಕಬೇಕಷ್ಟೇ. ಸಾಮಾನ್ಯವಾಗಿ ಟಾಯ್ಲೆಟ್ ಪಕ್ಕದ ಗೋಡೆಯಲ್ಲಿ.

ನಾವು ಆ ಸಂಜೆ ಸಿನಿಮಾ ಬಿಟ್ಟು ಜೆ.ಪಿ. ನಗರದ ರಂಗಶಂಕರಕ್ಕೆ ಹೋದೆವು. ಶಂಕರ್‌ನಾಗ್ ನೆನಪಿನಲ್ಲಿ ಅರುಂಧತಿ ನಾಗ್ ಮತ್ತು ಗೆಳೆಯರು 2004ರಲ್ಲಿ ಕಟ್ಟಿ ನಿಲ್ಲಿಸಿದ ರಂಗಮಂದಿರ. ತಡವಾಗಿ ಬಂದವರಿಗೆ ಬಾಗಿಲು ತೆಗೆಯಲ್ಲ, ಅದಕ್ಕೇ ಕೆಳಗಿನ ಕೆಫೆಯಲ್ಲಿ ಚಹಾ ಅರ್ಧಕ್ಕೆ ಬಿಟ್ಟು ಮೆಟ್ಟಿಲು ಹತ್ತಿ ಓಡಿದೆವು. ಟಿಕೆಟ್ ಮಲ್ಟಿಪ್ಲೆಕ್ಸಿನ ಪಾಪ್‌ಕಾರ್ನ್ ಡಬ್ಬದ ಆಸುಪಾಸಿನಲ್ಲೇ ಇತ್ತು. ನಾಟಕ ಮುಗಿದ ಮೇಲೆ ಚಿಕ್ಕಮ್ಮ ಕೇಳಿದರು: "ನಮ್ಮ ರಾಘವ ಕಲಾಮಂದಿರದಾಗೆ ಹಿಂಗ್ಯಾಕೆ ಇಲ್ಲ?"

ನನ್ನ ಪ್ರಕಾರ ಆ ದಿನದ ಅತಿ ಒಳ್ಳೆಯ ಪ್ರಶ್ನೆ ಅದೇ. ಏಕೆಂದರೆ ಬಳ್ಳಾರಿಗೆ ನಾಟಕ ಹೊಸದಲ್ಲ. ಧರ್ಮವರಂ ರಾಮಕೃಷ್ಣಾಚಾರ್ಯರು ಸರಸ ವಿನೋದಿನಿ ಸಭಾ ಅಂತ ನಾಟಕ ಸಂಘ ಕಟ್ಟಿದ್ದು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ, ಇದೇ ಊರಿನಲ್ಲಿ. ಅವರ ಸೋದರಳಿಯ, ನಟ ಬಳ್ಳಾರಿ ರಾಘವ ಊರಿನ ಹೆಸರನ್ನೇ ತಮ್ಮ ಹೆಸರಿಗೆ ಹಚ್ಚಿಕೊಂಡು ಮೆರೆದರು. ವೃತ್ತಿ ರಂಗಭೂಮಿಯ ಸುಭದ್ರಮ್ಮ ಮನ್ಸೂರು ಇಲ್ಲಿದ್ದವರು, ತೊಗಲುಗೊಂಬೆಗೆ ಹೊಸ ಜೀವ ಕೊಟ್ಟ ಬೆಳಗಲ್ಲು ವೀರಣ್ಣ ಇಲ್ಲಿಯವರು. ಕಲಾವಿದರಿಗೆ ಬರ ಇರಲಿಲ್ಲ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆ ಆದಾಗ ಹಂಪಿಯೂ ಆ ಕಡೆ ಹೋಯಿತು ಅಂತ ಕೊರಗುವವರಿದ್ದಾರೆ. ಹಂಪಿ ನಮ್ಮ ಜಿಲ್ಲೆಯಲ್ಲಿದ್ದಾಗ ಮಾತ್ರ ಬಳ್ಳಾರಿ ಪೇಟೆಯಲ್ಲಿ ಸಂಜೆ ಏನು ನಡೀತಿತ್ತು, ಹೇಳಿ? ನಮ್ಮಲ್ಲಿ ಇಲ್ಲದ್ದು ಕಲಾವಿದರಲ್ಲ, ಇಲ್ಲದ್ದು ಖಾತ್ರಿ. ಬೆಂಗಳೂರಿನಲ್ಲಿ ಏನೂ ಗೊತ್ತಿಲ್ಲದೆ ಹೊರಟರೂ ಇಂಥ ಕಡೆ ಸಂಜೆ ಒಂದು ನಾಟಕ ಇದ್ದೇ ಇರುತ್ತೆ, ಹೇಳಿದ ಹೊತ್ತಿಗೆ ಶುರುವಾಗುತ್ತೆ ಅನ್ನೋ ನಂಬಿಕೆ ಇದೆ. ನಮ್ಮಲ್ಲಿ ನಾಟಕ ಇದೆ ಅಂತ ಗೊತ್ತಾಗುವುದು ಮರುದಿನದ ಪೇಪರಿನಲ್ಲಿ. ಅದರಲ್ಲೂ ಫೋಟೊದಲ್ಲಿ ವೇದಿಕೆ ಮೇಲಿನ ಗಣ್ಯರೇ ಇರುತ್ತಾರೆ, ನಟರು ಕಾಣಲ್ಲ.

ಈಗ ಜೀನ್ಸ್ ಪಾರ್ಕಿನ ಮಾತು. 2023ರ ವಿಧಾನಸಭಾ ಚುನಾವಣೆ ಹೊತ್ತಿನಲ್ಲಿ ರಾಹುಲ್ ಗಾಂಧಿ ಬಳ್ಳಾರಿಗೆ 5,000 ಕೋಟಿ ರೂಪಾಯಿಯ ಜೀನ್ಸ್ ಪಾರ್ಕ್ ಭರವಸೆ ಕೊಟ್ಟರು. ಅವತ್ತಿನಿಂದ ಊರಿನ ಚಹಾ ಅಂಗಡಿಗಳಲ್ಲಿ ಇದೊಂದು ಕಾಯಂ ಚರ್ಚೆ. ಜಾಗ, ಶೆಡ್ಡು, ಕರೆಂಟು, ವಾಷಿಂಗ್ ನೀರನ್ನು ಶುದ್ಧ ಮಾಡುವ ಘಟಕ. ಇವೆಲ್ಲ ಬೇಕೇ ಬೇಕು, ಅದರಲ್ಲೂ ಕೊನೆಯದು. ಜೀನ್ಸಿಗೆ ಆ ಹಳೇದಾದ ಹಾಗೆ ಕಾಣುವ ಬಣ್ಣ ಬರುವುದು ವಾಷಿಂಗ್‌ನಲ್ಲಿ, ಕಲ್ಲು ಹಾಕಿ, ಎಂಜೈಮ್ ಹಾಕಿ, ಬ್ಲೀಚ್ ಹಾಕಿ ತಿರುಗಿಸಿದ ಮೇಲೆ. ಅಲ್ಲಿಂದ ಹೊರಗೆ ಬರುವ ನೀಲಿ ನೀರು ಎಲ್ಲೋ ಒಂದು ಕಡೆ ಹರಿಯಲೇಬೇಕು. ಮಾಲಿನಲ್ಲಿ ಕೊಳ್ಳುವವನಿಗೆ ಬಣ್ಣ, ನಮ್ಮೂರ ವಾಷಿಂಗ್ ಘಟಕಗಳಿರುವ ಮುಂಡರಗಿ ಕಡೆಯವನಿಗೆ ಚರಂಡಿ. ಈ ಹಂಚಿಕೆ ನ್ಯಾಯವಲ್ಲ, ಮೊದಲು ಸರಿಯಾಗಬೇಕಾದದ್ದು ಅದೇ.

ಆದರೆ ಈ ಚರ್ಚೆಯಲ್ಲೆಲ್ಲಾ ನನಗೆ ಕೇಳದ ಒಂದು ಮಾತಿದೆ, ಇಲ್ಲಿ ಕೊಳ್ಳುವವರು ಯಾರು, ಹೇಗೆ ಕೊಳ್ಳುತ್ತಾರೆ? ನಮ್ಮ ಲೆಕ್ಕದಲ್ಲಿ ಜೀನ್ಸ್ ಅಂದರೆ ಲಾರಿಗೆ ತುಂಬಿ ಕಳಿಸುವ ಗಂಟು. ತಿರುಪ್ಪೂರನ್ನು ನೋಡಿ. ಬನಿಯನ್, ಟೀ ಶರ್ಟಿನ ಊರು, ರಫ್ತಿನದೇ ದೊಡ್ಡ ಬಾಬತ್ತು. ಆದರೂ ಅಲ್ಲಿ ಖಾದರ್‌ಪೇಟೆ ಅಂತ ಒಂದು ಮಾರ್ಕೆಟ್ ಇದೆ, ಉಳಿದ ಮಾಲು ಕೊಳ್ಳಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಬಳ್ಳಾರಿಗೆ ಜೀನ್ಸ್ ಕೊಳ್ಳಲಿಕ್ಕೆ ಅಂತ ಬರುವ ಕುಟುಂಬ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ನಾವು ಅವರನ್ನು ಎಲ್ಲಿಗೆ ಕಳಿಸುತ್ತೇವೆ? ಯಾವುದೋ ಗಲ್ಲಿ ಹೇಳಿ, ಯಾರದೋ ನಂಬರ್ ಕೊಟ್ಟು, "ನನ್ನ ಹೆಸರು ಹೇಳಿ, ಕಡಿಮೆ ಮಾಡ್ತಾರೆ" ಅಂತೀವಿ.

ಐದು ಸಾವಿರ ಕೋಟಿ ಬರುವವರೆಗೂ ಕಾಯಬೇಕಾಗಿಲ್ಲ ಇದಕ್ಕೆ. ಒಂದು ಬೀದಿ ಸಾಕು. ಸಂಜೆ ಐದರ ಮೇಲೆ, ಬಿಸಿಲು ಇಳಿದ ನಂತರ ತೆರೆಯುವ ಬೀದಿ. ಹತ್ತು ಯೂನಿಟ್‌ನವರು ಸೇರಿ ಹತ್ತು ಅಂಗಡಿ, ಪ್ರತಿಯೊಂದರಲ್ಲೂ ಕನ್ನಡಿ ಇರುವ, ಒಳಗಿಂದ ಚಿಲಕ ಬೀಳುವ ಟ್ರಯಲ್ ರೂಮ್. ಚೀಟಿಯಲ್ಲಿ ಬರೆದ ಬೆಲೆ, ಎಲ್ಲರಿಗೂ ಒಂದೇ. ಉದ್ದ ಜಾಸ್ತಿ ಆದರೆ ಅಲ್ಲೇ ಕೂತು ಮಡಿಚಿ ಹೊಲಿದು ಕೊಡಲಿ, ಅದನ್ನು ಬಳ್ಳಾರಿಯಷ್ಟು ಚೆನ್ನಾಗಿ ಯಾವ ಮಾಲು ಮಾಡೀತು? ಸಂಡೂರಿನವರಿಗೆ ಒಂದು ಅಂಗಡಿ, ಜೀನ್ಸ್ ಜಾಕೆಟ್ ಬೆನ್ನಿಗೆ ಲಂಬಾಣಿ ಕಸೂತಿ ಹಾಕಿ ಕೊಟ್ಟರೆ ಬೆಂಗಳೂರಿನವರೇ ಬಸ್ಸು ಹತ್ತಿ ಬರುತ್ತಾರೆ ಅಂತ ನನ್ನ ನಂಬಿಕೆ, ತಪ್ಪಿರಬಹುದು. ಬೀದಿಯ ಒಂದು ತುದಿಗೆ ಮಿರ್ಚಿ ಗಾಡಿ, ಇನ್ನೊಂದು ತುದಿಗೆ ಕಲಾಮಂದಿರ, ವಾರಕ್ಕೆ ಒಂದೇ ನಾಟಕ ಆದರೂ ಸರಿ, ಅದೇ ವಾರ, ಅದೇ ಗಂಟೆ. ಫುಟ್‌ಪಾತಿನ ಮೇಲೆ ಬೈಕ್ ನಿಲ್ಲಿಸುವವರನ್ನು ಏನು ಮಾಡಬೇಕು ಅಂತ ಮಾತ್ರ ನನಗೂ ಹೊಳೆದಿಲ್ಲ.

ಅಂಥ ಬೀದಿ ಆದರೆ ನಾವು ಬೆಂಗಳೂರಿಗೆ ಹೋಗುವುದು ನಿಲ್ಲುತ್ತಾ? ಇಲ್ಲ, ಬಿಡಿ. ವಿದ್ಯಾರ್ಥಿ ಭವನದ ದೋಸೆ ಇಲ್ಲಿಗೆ ಬರಲ್ಲ, ಗುರುತಿಲ್ಲದ ಜನರ ನಡುವೆ ನಡೆಯುವ ಸುಖವೂ ಇಲ್ಲಿಗೆ ಬರಲ್ಲ. ಜೀನ್ಸಿಗಾಗಿ ಹೋಗುವುದೊಂದು ನಿಲ್ಲಬಹುದು.

ವಾಪಸ್ ಬರುವಾಗ ರಾತ್ರಿ ಬಸ್ಸಿನಲ್ಲಿ ತಂಗಿ ನಿದ್ದೆ ಹೋದಳು. ಚಿಕ್ಕಮ್ಮ ಮಾಲಿನ ಕವರಿನಿಂದ ಆ ಪ್ಯಾಂಟು ಹೊರಗೆ ತೆಗೆದು, ಪರ್ಸಿನಲ್ಲಿದ್ದ ಕಟ್ಟರಿನಿಂದ ಜೇಬಿನ ಅಂಚಿನಲ್ಲಿ ಉಳಿದಿದ್ದ ಎರಡು ದಾರ ಕತ್ತರಿಸಿದರು. ಹಿರಿಯೂರು ದಾಟಿದ ಮೇಲೆ ನನ್ನನ್ನು ಎಬ್ಬಿಸಿ ಕೇಳಿದ್ದು ಇಷ್ಟು: "ಹಾನಗಲ್ ಕ್ರಾಸಿನಾಗೆ ಹಗಲು ಬಸ್ಸು ನಿಲ್ಲತಾವೇನೋ? ಮುಂದಿನ ಸಲ ಅಲ್ಲೇ ಇಳಿದು ಮೊಳಕಾಲ್ಮೂರಿಗೆ ಹೋಗಿ ಸೀರೆ ನೋಡೋಣ. ನಂದು ಹೆಂಗಿದ್ರೂ ಝೀರೋ ಟಿಕೆಟ್, ನಿಂಗೂ ಚಾರ್ಜು ಕಡಿಮೆ."